ಎಂಟನೆಯ ಮುಖದ ಸಾಲು: ತಾಳಗುಂದವೆಂಬ ಕೂಡುದಾರಿಯ ಊರು, ಅದರ ಕಂಬ ಮತ್ತು ಕೆರೆ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಶಿರಾಳಕೊಪ್ಪವು ದಾರಿಗಳು ಕೂಡುವ ಪೇಟೆ. ಶಿಕಾರಿಪುರ, ಸೊರಬ, ಆನವಟ್ಟಿ ಮತ್ತು ಹಿರೇಕೆರೂರುಗಳ ಕಡೆಯಿಂದ ಬರುವ ರಸ್ತೆಗಳು ಇಲ್ಲಿ ಸೇರುತ್ತವೆ. ಮಲೆನಾಡು ತೆಳುವಾಗುತ್ತ ಬಯಲುಸೀಮೆ ತೊಡಗುವ ಅಂಚು ಇದಾಗಿರುವುದರಿಂದ, ಪಡುವಣದ ಅಡಿಕೆಯೂ ಮೂಡಣದ ಮೆಕ್ಕೆಜೋಳವೂ ಒಂದೇ ಸಂತೆಯ ಹಾದಿಯಲ್ಲಿ ಎದುರಾಗುತ್ತವೆ. ಈ ಕೂಡುರಸ್ತೆಯಿಂದ ಹತ್ತು ಕಿಲೋಮೀಟರಿನೊಳಗೆ ಅಲ್ಲಮಪ್ರಭುವಿನ ನೆನಪನ್ನು ಹೊತ್ತ ಬಳ್ಳಿಗಾವೆ, ಅಕ್ಕಮಹಾದೇವಿಯ ಹುಟ್ಟೂರೆಂದು ಪ್ರಸಿದ್ಧವಾದ ಉಡುತಡಿ, ಮತ್ತು ಕದಂಬರ ಕಥೆಯನ್ನು ಕಲ್ಲಿನಲ್ಲಿ ಉಳಿಸಿಕೊಂಡ ತಾಳಗುಂದ ಇವೆ. ಇವುಗಳಲ್ಲಿ ತಾಳಗುಂದದ ಸ್ಥಿತಿಯನ್ನು ಪ್ರತ್ಯೇಕವಾಗಿ ಪರಿಶೀಲಿಸುವುದು ಈ ಬರಹದ ಉದ್ದೇಶ. ಆ ಊರಿನ ಹೆಸರು ಪಠ್ಯಪುಸ್ತಕಗಳಲ್ಲಿ ಎಲ್ಲರಿಗೂ ಪರಿಚಿತ. ಆದರೆ ಅಲ್ಲಿರುವ ಶಾಸನ ಯಾವುದರ ಸಲುವಾಗಿ ಬರೆಯಲ್ಪಟ್ಟಿತು ಎಂದು ಕೇಳಿದರೆ ಸರಿಯಾದ ಉತ್ತರ ಸಿಗುವುದು ಅಪರೂಪ.

ತಾಳಗುಂದದ ಪ್ರಣವೇಶ್ವರ ಗುಡಿಯ ಮುಂದೆ ಒಂದು ಕಲ್ಲುಕಂಬವಿದೆ. ಬಳ್ಳಿಗಾವೆಯ ಭೇರುಂಡೇಶ್ವರ ಕಂಬದಂತೆ ದೂರದಿಂದಲೇ ಕಣ್ಸೆಳೆಯುವ ಎತ್ತರ ಇದಕ್ಕಿಲ್ಲ, ಸುಮಾರು 1.6 ಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಆಳೆತ್ತರ. ಎಂಟು ಮೂಲೆಯಾಗಿ ಕಡೆದ ಇದು ಮೇಲೆ ಹೋದಂತೆ ಸಣ್ಣದಾಗುತ್ತದೆ. ಅಕ್ಷರಗಳು ಎಡದಿಂದ ಬಲಕ್ಕೆ ಅಡ್ಡವಾಗಿ ಸಾಗದೆ, ಕಂಬದ ಬುಡದಿಂದ ತಲೆಯ ಕಡೆಗೆ ಏರುತ್ತವೆ. ಆದ್ದರಿಂದ ಓದಬೇಕೆನ್ನುವವರು ಮೊದಲು ಕುಕ್ಕರುಗಾಲಿನಲ್ಲಿ ಕೂತು, ತಲೆಯನ್ನು ಎಡಕ್ಕೆ ವಾಲಿಸಿ ಆರಂಭಿಸಿ, ಸಾಲು ಮುಗಿಯುವ ಹೊತ್ತಿಗೆ ನಿಲ್ಲಬೇಕಾಗುತ್ತದೆ. ಮುಂದಿನ ಸಾಲಿಗೆ ಮತ್ತೆ ಕೂರಬೇಕು. ಏಳು ಮುಖಗಳಲ್ಲಿ ಎರಡೆರಡು ಸಾಲುಗಳಿವೆ, ಎಂಟನೆಯ ಮುಖದಲ್ಲಿ ಒಂದೇ ಒಂದು ಚಿಕ್ಕ ಸಾಲು. ಪ್ರತಿ ಅಕ್ಷರದ ತಲೆಯ ಮೇಲೆ ಪುಟ್ಟ ಪೆಟ್ಟಿಗೆಯಂಥ ತಲೆಕಟ್ಟು. ಕಡೆದ ಕೈ ಎಲ್ಲಿಯೂ ಅವಸರ ಮಾಡಿಲ್ಲ.

ಬರೆದವನ ಹೆಸರು ಕುಬ್ಜ. ಕದಂಬ ಅರಸು ಶಾಂತಿವರ್ಮನ ಆಜ್ಞೆಯಂತೆ, 5ನೆಯ ಶತಮಾನದ ನಡುಭಾಗದಲ್ಲಿ, ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದನೆಂದು ಅವನು ಹೇಳಿಕೊಳ್ಳುತ್ತಾನೆ. ಕವಿಯೇ ಬರೆಹಗಾರನೂ ಆದದ್ದರಿಂದಲೇ ಇರಬೇಕು, ಸಂಸ್ಕೃತದ ಮೂವತ್ತನಾಲ್ಕು ಪದ್ಯಗಳ ಈ ಶಾಸನ ಅಷ್ಟು ಶುದ್ಧವಾಗಿದೆ. ಶಾಸನತಜ್ಞ ಬಿ. ಎಲ್. ರೈಸ್ ಅವರು ಇದನ್ನು ವಿದ್ವಾಂಸರ ಗಮನಕ್ಕೆ ತಂದರು. 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ ಏಳನೆಯ ಸಂಪುಟದಲ್ಲಿ ಶಿಕಾರಿಪುರ ತಾಲ್ಲೂಕಿನ 176ನೆಯ ಶಾಸನವಾಗಿ ಅದು ಅಚ್ಚಾಯಿತು. ಆಮೇಲೆ ಜರ್ಮನ್ ವಿದ್ವಾಂಸ ಕೀಲ್‌ಹಾರ್ನ್ ಅವರು ಎಪಿಗ್ರಾಫಿಯಾ ಇಂಡಿಕಾದಲ್ಲಿ ಪದ್ಯ ಪದ್ಯವಾಗಿ ಅದನ್ನು ಸಂಪಾದಿಸಿ ಅರ್ಥ ಹೇಳಿದರು. ಅಂದಿನಿಂದ ಕರ್ನಾಟಕದ ಇತಿಹಾಸದ ಮೊದಲ ಅಧ್ಯಾಯ ಬರೆಯುವವರೆಲ್ಲರೂ ಈ ಕಂಬದ ಮುಂದೆ ನಿಂತೇ ಆರಂಭಿಸುತ್ತಾರೆ.

ಏಕೆಂದರೆ ಮಯೂರಶರ್ಮನ ಕಥೆ ಇಲ್ಲಿದೆ. ಹಾರಿತೀಪುತ್ರರೂ ಮಾನವ್ಯಗೋತ್ರದವರೂ ಆದ ಬ್ರಾಹ್ಮಣ ಕುಲವೊಂದು ತನ್ನ ಮನೆಯ ಬಳಿ ಬೆಳೆದ ಕದಂಬದ ಮರವನ್ನು ಆರೈಕೆ ಮಾಡಿ ಆ ಮರದ ಹೆಸರನ್ನೇ ತನ್ನದಾಗಿ ಪಡೆಯಿತು. ಆ ಕುಲದ ಮಯೂರಶರ್ಮ ಗುರು ವೀರಶರ್ಮನೊಡನೆ ವೇದಾಧ್ಯಯನಕ್ಕೆಂದು ಕಂಚಿಯ ಘಟಿಕೆಗೆ, ಅಂದರೆ ಅಲ್ಲಿಯ ವಿದ್ಯಾಕೇಂದ್ರಕ್ಕೆ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನೊಡನೆ ಜಗಳವಾಯಿತು. ಕ್ಷತ್ರಿಯರ ಮುಂದೆ ವಿಪ್ರರು ಇಷ್ಟು ದುರ್ಬಲರಾಗಬೇಕೇ ಎಂದು ಕೆರಳಿದ ಅವನು, ದರ್ಭೆ, ಸಮಿತ್ತು ಮತ್ತು ಹೋಮದ ಸೌಟುಗಳನ್ನು ಹಿಡಿದು ಪಳಗಿದ ಕೈಯಿಂದಲೇ ಹೊಳೆಯುವ ಕತ್ತಿಯನ್ನು ಒರೆಯಿಂದ ಎಳೆದ. ಗಡಿ ಕಾಯುವವರನ್ನು ಸೋಲಿಸಿ, ಶ್ರೀಪರ್ವತದ (ಇಂದಿನ ಶ್ರೀಶೈಲ) ಬಾಗಿಲಿನವರೆಗೆ ಹಬ್ಬಿದ ದುರ್ಗಮವಾದ ಕಾಡನ್ನು ಸೇರಿ, ಬೃಹದ್ಬಾಣರೆಂಬ ಅರಸುಮನೆತನದಿಂದ ಕಪ್ಪ ವಸೂಲು ಮಾಡಿದ. ಕೊನೆಗೆ ಪಲ್ಲವರೇ ಅವನೊಡನೆ ಸಂಧಿ ಮಾಡಿಕೊಂಡು, ಪಡುವಣ ಕಡಲಿನಿಂದ ಪ್ರೇಹರಾ ಎಂಬ ಎಲ್ಲೆಯವರೆಗಿನ ನಾಡಿಗೆ ಪಟ್ಟ ಕಟ್ಟಿದರು. ಅನಂತರ ಕಂಗವರ್ಮ, ಭಗೀರಥ, ರಘು, ರಘುವಿನ ತಮ್ಮ ಕಾಕುಸ್ಥವರ್ಮ ಎಂದು ವಂಶಾವಳಿ ಇಳಿಯುತ್ತದೆ. ಕಾಕುಸ್ಥನು ತನ್ನ ಹೆಣ್ಣುಮಕ್ಕಳನ್ನು ಗುಪ್ತರೇ ಮೊದಲಾದ ಅರಸುಮನೆಗಳಿಗೆ ಕೊಟ್ಟನೆಂಬ ಮಾತೂ ಬರುತ್ತದೆ.

ಶಾಲೆಯ ಪಾಠ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ಆದರೆ ಕುಬ್ಜನು ಇಷ್ಟೆಲ್ಲ ಹೇಳಿಕೊಂಡು ಬಂದದ್ದು ಮುಂದಿನ ಒಂದು ಮಾತಿಗೆ ಪೀಠಿಕೆಯಾಗಿ. ಕದಂಬರಿಗಿಂತ ಮೊದಲು ಈ ನಾಡನ್ನು ಆಳಿದ ಸಾತಕರ್ಣಿಯೇ ಮೊದಲಾದ ಅರಸರು ಭಕ್ತಿಯಿಂದ ಪೂಜಿಸಿದ ಇಲ್ಲಿಯ ಶಿವಾಲಯದ ಬಳಿಯಲ್ಲಿ ಕಾಕುಸ್ಥವರ್ಮನು ನೀರು ಧಾರಾಳವಾಗಿ ನಿಲ್ಲುವ ದೊಡ್ಡ ಕೆರೆಯೊಂದನ್ನು ಕಟ್ಟಿಸಿದನು ಎಂಬುದೇ ಆ ಮಾತು. ತಂದೆ ಕಟ್ಟಿಸಿದ ಕೆರೆಯನ್ನು ಮಗ ಶಾಂತಿವರ್ಮನ ಕಾಲದಲ್ಲಿ ಕವಿ ದಾಖಲಿಸುತ್ತಿದ್ದಾನೆ. ಮಯೂರನ ಕತ್ತಿ, ಕಂಚಿಯ ಜಗಳ, ಗುಪ್ತರ ಬೀಗತನ, ಇವೆಲ್ಲ ಕೆರೆ ಕಟ್ಟಿಸಿದವನು ಎಂಥ ಮನೆತನದವನು ಎಂದು ಹೇಳುವುದಕ್ಕೆ ಬಂದ ವಿವರಗಳು. ಒಂದು ರಾಜವಂಶದ ಉಗಮವನ್ನು ಇಷ್ಟು ವಿಸ್ತಾರವಾಗಿ ನಾವು ತಿಳಿದಿರುವುದು ಒಂದು ಹಳ್ಳಿಯ ಕೆರೆಯ ದೆಸೆಯಿಂದ. ಈ ಪ್ರಕರಣದಲ್ಲಿ ನಾನು ಒತ್ತಿ ಹೇಳಬೇಕಾದ ಸಂಗತಿ ಇದೇ: ತಾಳಗುಂದದ ಕಂಬವು ಮೊದಲಿಗೆ ಕೆರೆಯ ಶಾಸನ, ಆಮೇಲೆ ಅರಸರ ಶಾಸನ.

ಈ ಕ್ರಮ ತಿರುವುಮುರುವಾದದ್ದರಿಂದ ಊರಿನ ಪರಂಪರೆಯನ್ನು ಕಾಯುವ ರೀತಿಯೂ ಬದಲಾಯಿತು. ಗುಡಿ ಮತ್ತು ಕಂಬ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿವೆ. ಕೆರೆಯ ಲೆಕ್ಕವೇ ಬೇರೆ. ಅದು ಹೂಳು, ಏರಿ, ತೂಬು, ಕೋಡಿ ಮತ್ತು ಅಚ್ಚುಕಟ್ಟುಗಳ ವಿಚಾರವಾಗಿ ನೀರಾವರಿಯ ಕಡತಕ್ಕೆ ಸೇರುತ್ತದೆ. ಗುಡಿಯ ಸಮೀಪದ ಕೆರೆಯನ್ನೇ ಕಾಕುಸ್ಥವರ್ಮನ ಕೆರೆಯೆಂದು ಗುರುತಿಸುವ ವಾಡಿಕೆ ಇದ್ದರೂ, ಒಂದನ್ನು ನೋಡಲು ಬಂದವರು ಇನ್ನೊಂದರ ಕಡೆಗೆ ತಿರುಗುವುದಿಲ್ಲ. ಶಾಸನ ಮತ್ತು ಶಾಸನದ ವಿಷಯ ಹೀಗೆ ಎರಡು ಬೇರೆ ಬೇರೆ ಲೋಕಗಳಿಗೆ ಸೇರಿಹೋಗಿವೆ. ಕೆರೆಯ ಏರಿ ಒಡೆದರೆ ಅದು ಕೃಷಿಯ ನಷ್ಟವೆಂದು ಮಾತ್ರ ದಾಖಲಾಗುತ್ತದೆಯೇ ಹೊರತು, ಹದಿನೈದು ಶತಮಾನಗಳ ಹಿಂದಿನ ಒಂದು ಬರಹದ ಅರ್ಥಕ್ಕೇ ಆದ ಹಾನಿಯೆಂದು ಅಲ್ಲ.

ಕೆರೆ ಇಲ್ಲಿ ಬರಿಯ ನೀರಿನ ಗುಂಡಿಯಲ್ಲ. ಅರೆಮಲೆನಾಡಿನ ಈ ಸೀಮೆಯಲ್ಲಿ ಮಳೆಗಾಲ ಜೋರಾಗಿ ಬಂದು ಹೋಗುತ್ತದೆ. ಆ ನೀರನ್ನು ಹಿಡಿದಿಟ್ಟುಕೊಳ್ಳದಿದ್ದರೆ ಬೇಸಿಗೆ ಕಠಿಣ. ಊರಿಗೊಂದಲ್ಲ, ಹಲವು ಕೆರೆಗಳಿರುವುದು ಈ ಕಾರಣದಿಂದ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಸೊರಬ, ಸಾಗರಗಳ ಕಡೆಯಲ್ಲಿ ಬೇಸಿಗೆಯ ಕೊನೆಗೆ ನೀರು ಇಳಿದಾಗ ಊರವರೆಲ್ಲ ಕೂಣಿ ಎಂಬ ಮೀನು ಹಿಡಿಯುವ ಬುಟ್ಟಿ ಹಿಡಿದು ಒಟ್ಟಿಗೆ ಕೆರೆಗಿಳಿಯುವ ಕೆರೆಬೇಟೆ, ಶೀಗೆ ಹುಣ್ಣಿಮೆಯ ದಿನ ಚಿತ್ತಾರ ಬರೆದ ಬುಟ್ಟಿಯಲ್ಲಿ ಅಡಿಗೆ ಹೊತ್ತು ಗದ್ದೆಗೆ ಹೋಗಿ ತುಂಬು ಬಸುರಿಯೆಂದು ಭೂಮಿಗೆ ಎಡೆ ಇಡುವ ಭೂಮಿ ಹುಣ್ಣಿಮೆ, ದೀಪಾವಳಿಯ ಬಳಿಕ ಶಿಕಾರಿಪುರ, ಹಿರೇಕೆರೂರು ಸೀಮೆಯ ಹಳ್ಳಿಗಳಲ್ಲಿ ನಡೆಯುವ ಹೋರಿ ಹಬ್ಬ, ಇವು ಯಾವ ಇಲಾಖೆಯ ಪಟ್ಟಿಯಲ್ಲಿಯೂ ಇಲ್ಲದ, ಆದರೆ ನೀರು ಮತ್ತು ನೆಲದ ಸುತ್ತಲೇ ಬೆಳೆದ ಪರಂಪರೆಗಳು. ಕಾಕುಸ್ಥನ ಕೆರೆಯನ್ನು ಇವುಗಳ ಜೊತೆಯಲ್ಲಿಟ್ಟು ನೋಡಿದಾಗ ಅದು ಹಳೆಯ ಕಾಲದ ವಸ್ತುವಾಗಿ ಉಳಿಯುವುದಿಲ್ಲ.

ಊರಿನ ಹಳೆಯ ಹೆಸರು ಸ್ಥಾನಕುಂದೂರು. ಕಂಬದಲ್ಲಿಯೇ ಆ ಹೆಸರಿದೆ. ಮುಂದಿನ ಶತಮಾನಗಳ ಶಾಸನಗಳಲ್ಲಿ ಅದು ತಾಣಗುಂದೂರು ಆಗಿ, ನಮ್ಮ ಕಾಲಕ್ಕೆ ತಾಳಗುಂದ ಆಯಿತು. ಸಾತಕರ್ಣಿಯ ಉಲ್ಲೇಖವನ್ನು ಗಮನಿಸಿದರೆ, ಕದಂಬರಿಗಿಂತ ಮೊದಲೇ ಈ ಸ್ಥಳ ಪೂಜ್ಯವೆಂದು ಹೆಸರಾಗಿತ್ತೆಂದು ತಿಳಿಯುತ್ತದೆ. ಇದೇ ತಾಲ್ಲೂಕಿನ ಮಳವಳ್ಳಿಯಲ್ಲಿ ಒಂದೇ ಕಂಬದ ಮೇಲೆ ಸಾತಕರ್ಣಿಯ ಪ್ರಾಕೃತ ಶಾಸನವೂ ಆಮೇಲಿನ ಕದಂಬರ ಪ್ರಾಕೃತ ಶಾಸನವೂ ಇರುವುದು ಈ ಮಾತಿಗೆ ಒತ್ತಾಸೆಯಾಗಿದೆ. ಶಾಂತಿವರ್ಮನ ಮಗ ಮೃಗೇಶವರ್ಮನ ರಾಣಿ, ಕೇಕಯ ಕುಲದ ಪ್ರಭಾವತಿಯ ಹೆಸರಿನ ಶಾಸನವೂ ತಾಳಗುಂದದಲ್ಲಿ ದೊರೆತಿದೆ. ಹೀಗೆ ತಲೆಮಾರು ತಲೆಮಾರಿನವರು ಇಲ್ಲಿಗೆ ಬಂದು ತಮ್ಮ ಮಾತನ್ನು ಕಲ್ಲಿಗೆ ಹೇಳಿ ಹೋಗಿದ್ದಾರೆ.

ಕದಂಬರ ಮೂಲಪುರುಷನೆಂದು ಐತಿಹ್ಯ ಹೇಳುವ ಮುಕ್ಕಣ್ಣ ಕದಂಬನು ಉತ್ತರದ ಅಹಿಚ್ಛತ್ರದಿಂದ ವಿಪ್ರರನ್ನು ಕರೆತಂದು ಇಲ್ಲಿ ಅಗ್ರಹಾರ ಮಾಡಿದನೆಂಬ ಐತಿಹ್ಯವನ್ನು ಇಲ್ಲಿ ಸ್ವಲ್ಪ ಎಚ್ಚರದಿಂದ ನೋಡಬೇಕು. ಅದು ಕುಬ್ಜನ ಕಂಬದಲ್ಲಿ ಇಲ್ಲ. ಎಷ್ಟೋ ಶತಮಾನಗಳ ಅನಂತರದ ಶಾಸನಗಳಲ್ಲಿ ಕಾಣಿಸಿಕೊಳ್ಳುತ್ತದೆ. ಕಂಬ ಹೇಳುವುದು ಮನೆಯ ಬಳಿಯ ಕದಂಬದ ಮರದ ಕಥೆಯನ್ನು, ಅಂದರೆ ಈ ನೆಲದ ಗಿಡವೊಂದರ ಕಥೆಯನ್ನು. ಎರಡನ್ನೂ ಬೆರೆಸಿ ಹೇಳುವ ರೂಢಿ ಪ್ರವಾಸಿ ಬರಹಗಳಲ್ಲಿ ಬೆಳೆದಿರುವುದು ಸರಿಯಲ್ಲ. ಆದರೆ ಅಗ್ರಹಾರವೇ ಸುಳ್ಳೆಂದು ಯಾರೂ ಹೇಳಬೇಕಾಗಿಲ್ಲ. 12ನೆಯ ಶತಮಾನದ ಹೊತ್ತಿಗೆ ತಾಳಗುಂದದಲ್ಲಿ ವೇದ, ವ್ಯಾಕರಣಗಳನ್ನು ಕಲಿಸುವುದಕ್ಕೂ, ಅದರೊಂದಿಗೆ ಮಕ್ಕಳಿಗೆ ಕನ್ನಡದ ಕಲಿಕೆಗೂ, ಓದುವವರ ಊಟಕ್ಕೂ ದತ್ತಿ ಬಿಟ್ಟ ದಾಖಲೆ ಇದೆ. ನೆರೆಯ ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನವು ಬಡವರು, ಕುರುಡರು, ಕುಂಟರಿಗೆ ಅನ್ನ ದೊರೆಯುವ, ರೋಗಿಗಳಿಗೆ ಮದ್ದು ದೊರೆಯುವ, ನಾಲ್ಕು ವೇದಗಳನ್ನೂ ವ್ಯಾಕರಣಗಳನ್ನೂ ಕಲಿಯುವ ಠಾವು ಎಂದು ತನ್ನನ್ನು ಬಣ್ಣಿಸಿಕೊಳ್ಳುತ್ತದೆ. ಅದೇ ಬಳ್ಳಿಗಾವೆಯಲ್ಲಿ ಚಾವುಂಡರಾಯರಸನು 1047ರಲ್ಲಿ ನಿಲ್ಲಿಸಿದ ಭೇರುಂಡ ಕಂಬದ ಹೆಸರಿನ ಭೇರುಂಡ ಗಳೆ ಎಂಬ ಅಳತೆಗೋಲಿನಿಂದ ಹೊಲಗದ್ದೆಗಳನ್ನು ಅಳೆಯುತ್ತಿದ್ದರು; ಬೇಲೂರಿನ ಗುಡಿಯಲ್ಲಿ ತನ್ನ ಹೆಸರು ಕೆತ್ತಿಟ್ಟ ಶಿಲ್ಪಿ ದಾಸೋಜ ಬಳ್ಳಿಗಾವೆಯವನೇ. ಬರುವವರು, ಹೋಗುವವರು, ಕಲಿಯುವವರು, ಉಣ್ಣುವವರು ಕೂಡುವ ದಾರಿ ಇದಾಗಿತ್ತು ಎಂಬುದನ್ನು ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ.

ಈಗ ಕಂಬದ ಎಂಟನೆಯ ಮುಖಕ್ಕೆ ಬರೋಣ. ಕಾವ್ಯ ಮುಗಿದಿದೆ, ಅರಸರ ಹೊಗಳಿಕೆ ಮುಗಿದಿದೆ, ಕೆರೆಯ ಮಾತೂ ಮುಗಿದಿದೆ. ಉಳಿದದ್ದು ಒಂದು ಗದ್ಯದ ಸಾಲು. ಸ್ಥಾನಕುಂದೂರಿನಲ್ಲಿ ನೆಲೆಸಿದ ಮಹಾದೇವನಿಗೆ ನಮಸ್ಕಾರ ಹೇಳಿದ ಮೇಲೆ ಅದು ಹೀಗೆ ಮುಗಿಯುತ್ತದೆ: “ನಂದತು ಸರ್ವಸಮಂತಾಗತೋಽಯಮಧಿವಾಸಃ ಸ್ವಸ್ತಿ ಪ್ರಜಾಭ್ಯ ಇತಿ.” ಎಲ್ಲ ದಿಕ್ಕುಗಳಿಂದ ಬಂದು ಸೇರಿದವರ ಈ ನೆಲೆ ನಲಿಯಲಿ, ಪ್ರಜೆಗಳಿಗೆ ಒಳಿತಾಗಲಿ ಎಂದು ಅದರ ಅರ್ಥ. ಏಳು ಮುಖಗಳಲ್ಲಿ ದೇವರು, ಕುಲ ಮತ್ತು ಅರಸರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಿದ ಕವಿ, ಎಂಟನೆಯದನ್ನು ಊರಿಗೆ ಬಿಟ್ಟುಕೊಟ್ಟಿದ್ದಾನೆ. ಅವನು ಹರಸುವ ಊರು ಒಂದೇ ಕುಲದ, ಒಂದೇ ಮೂಲದ ಊರಲ್ಲ; ಸುತ್ತಲಿಂದ ಬಂದು ಕೂಡಿದವರ ಊರು. ಕೂಡುದಾರಿಯ ಊರೆಂಬುದಕ್ಕೆ ಇದಕ್ಕಿಂತ ಹಳೆಯ ಮತ್ತು ಇದಕ್ಕಿಂತ ಅಂತಃಕರಣದ ಮಾತನ್ನು ನಾನು ಕನ್ನಡನಾಡಿನ ಬೇರೆ ಶಾಸನದಲ್ಲಿ ಓದಿಲ್ಲ. ಇಷ್ಟಿದ್ದೂ ತಾಳಗುಂದದ ಕುರಿತ ಜನಪ್ರಿಯ ಬರಹಗಳಲ್ಲಿ ಈ ಸಾಲು ಬಹಳ ವಿರಳವಾಗಿ ಬರುತ್ತದೆ ಎಂಬುದು ನನಗೆ ನೋವಿನ ಸಂಗತಿ.

ಈಚಿನ ವರ್ಷಗಳಲ್ಲಿ ತಾಳಗುಂದ ಸುದ್ದಿಯಾದದ್ದು ಬೇರೊಂದು ಕಾರಣಕ್ಕೆ. ಗುಡಿಯ ಆವರಣದಲ್ಲಿ 2013ರ ಸುಮಾರಿಗೆ ನಡೆದ ಉತ್ಖನನದಲ್ಲಿ ಸಿಂಹಕಟಾಂಜನ, ಅಂದರೆ ಮೆಟ್ಟಿಲ ಬದಿಯ ಸಿಂಹಮುಖದ ಕೈಪಿಡಿಗಲ್ಲು, ಮಣ್ಣಿನಡಿಯಿಂದ ಹೊರಬಂತು. ಅದರ ಮೇಲಿನ ಏಳು ಸಾಲುಗಳ ಬರಹದಲ್ಲಿ ಸಂಸ್ಕೃತದ ಜೊತೆಗೆ ಕನ್ನಡದ ಮಾತುಗಳಿವೆಯೆಂದೂ, ಅದರ ಕಾಲ ಸುಮಾರು ಕ್ರಿ.ಶ. 370 ಎಂದೂ ಪುರಾತತ್ವ ಇಲಾಖೆಯ ತಜ್ಞರು ಪ್ರಕಟಿಸಿದರು. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನವೇ ಕನ್ನಡದ ಮೊದಲ ಶಾಸನವೆಂಬ ನಂಬಿಕೆಗೆ ಇದರಿಂದ ಪೆಟ್ಟು ಬಿತ್ತು. ಯಾವುದು ಮೊದಲು ಎಂಬ ಚರ್ಚೆ ಬೆಳೆಯಿತು. ಆ ಚರ್ಚೆ ಲಿಪಿತಜ್ಞರದು, ಅದು ನಡೆಯಲೇಬೇಕು. ಆದರೆ ಹಲ್ಮಿಡಿಯ ಉದಾಹರಣೆ ನಮಗೆ ಇನ್ನೊಂದು ಪಾಠವನ್ನೂ ಹೇಳುತ್ತದೆ. ಅಲ್ಲಿಯ ಮೂಲ ಕಲ್ಲು ಮೈಸೂರಿಗೆ ಹೋಗಿ ಭದ್ರವಾಗಿದೆ, ಊರಿನಲ್ಲಿರುವುದು ಪ್ರತಿಕೃತಿ. ತಾಳಗುಂದದ ಕಂಬ ಮಾತ್ರ ತಾನು ಹೆಸರಿಸುವ ಗುಡಿಯ ಮುಂದೆಯೇ, ತಾನು ಹೆಸರಿಸುವ ಊರಿನಲ್ಲಿಯೇ ನಿಂತಿದೆ. ಮೊದಲನೆಯದೆಂಬ ಪಟ್ಟ ಬರಲಿ ಬಿಡಲಿ, ಶಾಸನವು ತನ್ನ ಸ್ಥಳದಲ್ಲಿಯೇ ಉಳಿದಿರುವುದು ಆ ಪಟ್ಟಕ್ಕಿಂತ ದೊಡ್ಡ ಭಾಗ್ಯವೆಂದು ನಾನು ತಿಳಿಯುತ್ತೇನೆ.

ಸ್ಥಳದಲ್ಲಿ ಉಳಿಸಿಕೊಳ್ಳುವುದಕ್ಕೆ ಬೆಲೆಯೂ ಇದೆ, ಅದನ್ನು ತೆರುವವರು ಊರವರು. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯಂತೆ, ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ವರೆಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆ ಇನ್ನೂ 200 ಮೀಟರ್ ವರೆಗೆ ಅನುಮತಿ ಪಡೆದೇ ಕಟ್ಟಬೇಕು. ಪೇಟೆಯಲ್ಲಿ ಈ ಅಂತರ ಅಷ್ಟಾಗಿ ಬಾಧಿಸದು. ಚಿಕ್ಕ ಹಳ್ಳಿಯಲ್ಲಿ ಮುನ್ನೂರು ಮೀಟರ್ ಎಂದರೆ ಊರಿನ ಬಹುಪಾಲು. ಅಣ್ಣತಮ್ಮಂದಿರು ಪಾಲಾಗಿ ಹಿತ್ತಲಿನಲ್ಲಿ ಇನ್ನೊಂದು ಮನೆ ಎಬ್ಬಿಸುವುದು, ಕೊಟ್ಟಿಗೆಯನ್ನು ಅಂಗಡಿಯಾಗಿ ಮಾರ್ಪಡಿಸುವುದು, ಮಳೆಗೆ ಕುಸಿದ ಗೋಡೆಯನ್ನು ಸಿಮೆಂಟಿನಲ್ಲಿ ಕಟ್ಟುವುದು, ಇಂಥ ಸಹಜ ಕೆಲಸಗಳೂ ಅರ್ಜಿಯ ವಿಷಯವಾಗುತ್ತವೆ. ನಿಯಮ ಬೇಕು, ಅದಿಲ್ಲದೆ ಹೋಗಿದ್ದರೆ ಎಷ್ಟೋ ಗುಡಿಗಳು ಈ ಹೊತ್ತಿಗೆ ಮಳಿಗೆಗಳ ನಡುವೆ ಹೂತುಹೋಗುತ್ತಿದ್ದವು. ಆದರೆ ಕಂಬವು ಯಾರನ್ನು ಹರಸುತ್ತದೆಯೋ ಅವರಿಗೇ ಅದು ಅಡ್ಡಿಯಾಗಿ ಕಾಣುವಂತಾದರೆ ಕಾವಲಿಗೆ ಬಲ ಬರುವುದಿಲ್ಲ. ಅರ್ಜಿಯ ನಮೂನೆ ಕನ್ನಡದಲ್ಲಿ, ಹೋಬಳಿಯ ಮಟ್ಟದಲ್ಲಿ ಸಿಗುವಂತಾಗಬೇಕು. ದುರಸ್ತಿಗೂ ಹೊಸ ಕಟ್ಟಡಕ್ಕೂ ಇರುವ ವ್ಯತ್ಯಾಸವನ್ನು ಯಾರಾದರೂ ಬಂದು ಗ್ರಾಮಸಭೆಯಲ್ಲಿ ಬಿಡಿಸಿ ಹೇಳಬೇಕು. ಇದು ದೊಡ್ಡ ಖರ್ಚಿನ ಕೆಲಸವೇನೂ ಅಲ್ಲ.

ಕದಂಬರ ಹೆಸರಿನ ಉತ್ಸವ ಬನವಾಸಿಯಲ್ಲಿ ನಡೆಯುತ್ತದೆ, ಅದು ಯೋಗ್ಯವಾದದ್ದೇ, ರಾಜಧಾನಿ ಅದಾಗಿತ್ತು. ತಾಳಗುಂದಕ್ಕೆ ಅಂಥದೇ ಇನ್ನೊಂದು ಉತ್ಸವ ಬೇಕೆಂದು ನಾನು ಕೇಳುವುದಿಲ್ಲ. ಕಂಬದ ಪೂರ್ತಿ ಪಾಠವನ್ನು, ಕೆರೆಯ ಪದ್ಯವನ್ನೂ ಎಂಟನೆಯ ಮುಖದ ಸಾಲನ್ನೂ ಬಿಡದೆ, ತಿಳಿಗನ್ನಡದಲ್ಲಿ ಬರೆದು ಅಲ್ಲಿಯೇ ಓದಸಿಗುವಂತೆ ಇಡುವುದು ಅದಕ್ಕಿಂತ ಉಪಯುಕ್ತ. ಸುತ್ತಲಿನ ಶಾಲೆಗಳ ಮಕ್ಕಳಿಗೆ ಶಾಸನದ ಪಡಿಯಚ್ಚು ತೆಗೆಯುವುದನ್ನು ಒಮ್ಮೆಯಾದರೂ ತೋರಿಸಬೇಕು. ಮೂಲ ಕಂಬವನ್ನು ಮುಟ್ಟುವ ಅಗತ್ಯವಿಲ್ಲ, ಅಭ್ಯಾಸಕ್ಕೆಂದು ಕೆತ್ತಿಸಿದ ಒಂದು ಕಲ್ಲು ಸಾಕು. ಕಲ್ಲನ್ನು ತೊಳೆದು, ಒದ್ದೆ ಕಾಗದ ಹೊದಿಸಿ, ಕುಂಚದಿಂದ ಮೆಲ್ಲಗೆ ಬಡಿದಾಗ ಕಾಗದವು ಅಕ್ಷರದ ತಗ್ಗಿಗೆ ಇಳಿಯುತ್ತದೆ. ಮೇಲೆ ಮಸಿಯ ಉಂಡೆ ಒತ್ತುತ್ತ ಹೋದಂತೆ ಕಪ್ಪಿನ ನಡುವೆ ಬಿಳಿಯ ಅಕ್ಷರಗಳು ಒಂದೊಂದಾಗಿ ಮೇಲೇಳುತ್ತವೆ. ಅದನ್ನು ಕಣ್ಣಾರೆ ಕಂಡ ಮಗು ಹೊಲದ ಬದುವಿನಲ್ಲಿ ಬಿದ್ದಿರುವ ವೀರಗಲ್ಲನ್ನು ಬಟ್ಟೆ ಒಗೆಯುವುದಕ್ಕೆ ಎತ್ತಿಕೊಂಡು ಬರಲು ಬಿಡುವುದಿಲ್ಲ.

ಉಡುಗಣಿ, ತಾಳಗುಂದ ಮತ್ತು ಹೊಸೂರು ಹೋಬಳಿಗಳ ಕೆರೆಗಳಿಗೆ ತುಂಗಭದ್ರೆಯಿಂದ ನೀರೆತ್ತಿ ತುಂಬಿಸುವ ಏತ ನೀರಾವರಿ ಯೋಜನೆಯನ್ನು ಸರ್ಕಾರ ಕೈಗೊಂಡಿದೆ. ಕಾಕುಸ್ಥವರ್ಮನ ಕಾಲದ ಚಿಂತೆಯೇ ಈ ಕಾಲದ ಚಿಂತೆಯೂ ಆಗಿರುವುದು ಇದರಿಂದ ಸ್ಪಷ್ಟ. ಕೆರೆ ತುಂಬುವ ಇಂಥ ಕೆಲಸದ ಜೊತೆಯಲ್ಲಿ ಹೂಳೆತ್ತುವುದು, ಏರಿ ಬಲಪಡಿಸುವುದು, ಹೊಸ ತೂಬು ಕೂರಿಸುವುದು, ಕೊಳವೆ ಹೂಳುವುದು ಎಲ್ಲಿಯಾದರೂ ಬಂದೇ ಬರುತ್ತದೆ, ಅಂದರೆ ಜೆಸಿಬಿಯ ಹಲ್ಲು ಹಳೆಯ ಮಣ್ಣಿಗೆ ತಾಗುತ್ತದೆ. ಕಟಾಂಜನದ ಕಲ್ಲು ಕೈಗುದ್ದಲಿಯ ಎಚ್ಚರದ ಅಗೆತದಲ್ಲಿ ಸಿಕ್ಕಿದ್ದರಿಂದ ನಮಗೆ ಉಳಿಯಿತು. ಕಾಮಗಾರಿ ಶುರುವಾಗುವ ಮೊದಲೇ ಏರಿ, ತೂಬು ಮತ್ತು ಕೋಡಿಗಳ ಕಲ್ಲುಗಳನ್ನು ಶಾಸನ ಓದಬಲ್ಲವರೊಬ್ಬರು ನಡೆದು ನೋಡಿ ಗುರುತು ಹಾಕುವುದು, ಎತ್ತಿದ ಹೂಳನ್ನು ಹೊಲಕ್ಕೆ ಸಾಗಿಸುವ ರೈತರಿಗೆ ಬರಹದ ಕಲ್ಲು ಕಂಡರೆ ಯಾರಿಗೆ ತಿಳಿಸಬೇಕೆಂದು ಮೊದಲೇ ಹೇಳಿಡುವುದು, ಗುಡಿಯ ಕಡತವನ್ನೂ ಕೆರೆಯ ಕಡತವನ್ನೂ ಒಂದೇ ಮೇಜಿನ ಮೇಲೆ ತರುವುದು, ಈ ಮೂರು ಕೆಲಸಗಳು ಆಗಬೇಕಾದದ್ದು ನೀರು ಬರುವ ಮುಂಚೆ, ಬೇಸಿಗೆಯಲ್ಲಿ ಕೆರೆಯ ತಳ ಕಾಣುವ ದಿನಗಳಲ್ಲಿ.